ಎಲೆ, ಗೋಪುರ, ಚಿತ್ರ: ಕಿವಿಯೋಲೆ ತಯಾರಿಸುವ ಒಂದು ಕಿಟ್‌ನ ವಿಮರ್ಶೆ

ಪ್ರಕೃತಿ, ವಾಸ್ತುಶಿಲ್ಪ ಮತ್ತು ಚಿತ್ರಕಲೆಯಿಂದ ಪ್ರೇರಣೆ ಪಡೆದ ಕಿವಿಯೋಲೆಗಳನ್ನು ಮನೆಯಲ್ಲೇ ತಯಾರಿಸಿಕೊಳ್ಳಲು ನೆರವಾಗುವ ಕಿಟ್‌ಗಳು ಈಗ ಬಹಳಷ್ಟು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಕೊಡುವುದು ಯಂತ್ರದಲ್ಲಿ ಕತ್ತರಿಸಿದ ಎಲೆಯಾಕಾರದ ತಗಡು, ಗೋಪುರದಾಕಾರದ ಪದಕ ಮತ್ತು ಅವನ್ನು ತೂಗುಹಾಕಲು ಒಂದು ಜೊತೆ ಕೊಕ್ಕೆ ಮಾತ್ರ. ಕೊಂಡವರ ಪಾಲಿನ ಕೆಲಸ ಇಕ್ಕಳ ಹಿಡಿದು ಎರಡು ಉಂಗುರಗಳನ್ನು ಮುಚ್ಚುವಷ್ಟರಲ್ಲಿ ಮುಗಿದುಹೋಗುತ್ತದೆ. ನಾನಿಲ್ಲಿ ಪರಿಶೀಲಿಸುತ್ತಿರುವ ಕಿಟ್ ಆ ಬಗೆಯದಲ್ಲ. ಇದು ಕಚ್ಚಾ ತಗಡು, ತಂತಿ ಮತ್ತು ಉಪಕರಣಗಳನ್ನು ಕೈಗೆ ಕೊಟ್ಟು, ಆರು ಜೊತೆ ಓಲೆಗಳನ್ನು ಮೊದಲಿನಿಂದ ಕೊನೆಯವರೆಗೆ ತಯಾರಿಸಲು ಕಲಿಸುತ್ತದೆ. ಎಲೆ ಮತ್ತು ತುಂಬಿಯ ರೆಕ್ಕೆ ಪ್ರಕೃತಿಯಿಂದ, ನಕ್ಷತ್ರದ ಜಾಲಂಧ್ರ (ಕಿಂಡಿ ಕೊರೆದ ಜಾಲರಿ) ಮತ್ತು ಕಮಾನಿನ ಗೋಪುರ ವಾಸ್ತುಶಿಲ್ಪದಿಂದ, ತೂಗಾಡುವ ಶಿಲ್ಪ ಮತ್ತು ಬಣ್ಣದ ಚೌಕಗಳು ಕಲೆಯಿಂದ ಬಂದಿವೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಎತ್ತಿರುವ ಗುಣದೋಷಗಳು ಇಂತಹ ಯಾವುದೇ ಕಿಟ್ ಕೊಳ್ಳುವವರಿಗೂ ಅನ್ವಯಿಸುವಂಥವು.

ಒಂದು ವಸ್ತುವಿನ ಹೊರಗೆರೆಯನ್ನು ಎತ್ತಿಕೊಳ್ಳುವುದು ಬೇರೆ, ಆ ವಸ್ತು ಹೇಗೆ ರೂಪುಗೊಂಡಿತು ಎಂಬುದನ್ನು ಎತ್ತಿಕೊಳ್ಳುವುದು ಬೇರೆ. ಎಲೆಯ ಚಿತ್ರವನ್ನು ತಗಡಿನ ಮೇಲೆ ಗೀರಿ ಕತ್ತರಿಸಿದರೆ ಅದು ಎಲೆಯಂತೆ ಕಾಣುತ್ತದೆ, ಆದರೆ ಅಲ್ಲಿಗೇ ನಿಲ್ಲುತ್ತದೆ. ಎಲೆ ಏಕೆ ಬಾಗುತ್ತದೆ, ಕಟ್ಟಡ ಏಕೆ ಮೆಟ್ಟಿಲುಮೆಟ್ಟಿಲಾಗಿ ಮೇಲೇರುತ್ತದೆ, ಶಿಲ್ಪ ಯಾವ ಬಿಂದುವಿನಲ್ಲಿ ಸಮತೋಲನ ಪಡೆಯುತ್ತದೆ ಎಂಬುದನ್ನು ಕೈಗಳು ಅರಿತಾಗ ಓಲೆಗೆ ಬೇರೆಯದೇ ಕಳೆ ಬರುತ್ತದೆ. ಈ ಕಿಟ್‌ನ ಆರು ವಿನ್ಯಾಸಗಳನ್ನೂ ನಾನು ಈ ಒಂದು ಅಳತೆಗೋಲಿನಿಂದಲೇ ನೋಡಿದ್ದೇನೆ. ನಾಲ್ಕು ಚೆನ್ನಾಗಿ ಗೆದ್ದಿವೆ, ಒಂದು ಮುಕ್ಕಾಲು ಗೆದ್ದಿದೆ, ಒಂದು ಪೂರ್ತಿ ಸೋತಿದೆ.

ಮೊದಲು ಉಪಕರಣಗಳ ಮಾತು. ಚಪ್ಪಟೆ ಮೂತಿಯ ಮತ್ತು ದುಂಡು ಮೂತಿಯ ಇಕ್ಕಳಗಳು, ತಂತಿ ಕತ್ತರಿಸುವ ಇಕ್ಕಳ, ತಗಡು ಕತ್ತರಿ, ಅಕ್ಕಸಾಲಿಗರು ಬಳಸುವಂತಹ ಸಣ್ಣ ಗರಗಸ, ಕೈ ಡ್ರಿಲ್, ಎರಡು ಅರಗಳು, ಸುತ್ತಿಗೆ, ಉಕ್ಕಿನ ಪುಟ್ಟ ಅಡಿಗಲ್ಲು, ಮೂರು ಬಗೆಯ ಸ್ಯಾಂಡ್‌ಪೇಪರ್ ಇವೆ. ಇಕ್ಕಳಗಳ ಒಳಮೈ ನುಣುಪಾಗಿದೆ, ಹಲ್ಲುಗಳಿಲ್ಲ. ಹಲ್ಲುಳ್ಳ ಸಾಮಾನ್ಯ ಇಕ್ಕಳ ಮೆದು ತಾಮ್ರದ ಮೇಲೆ ಬಿಡುವ ಗೀರುಗಳನ್ನು ಉಜ್ಜಿ ತೆಗೆಯುವುದು ಓಲೆ ತಯಾರಿಸುವುದಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆಯಾದ್ದರಿಂದ ಇದು ಸಣ್ಣ ವಿಷಯವಲ್ಲ. ತಂತಿ ಕತ್ತರಿಸುವ ಇಕ್ಕಳ ಒಂದು ಬದಿಯಲ್ಲಿ ಸಮತಟ್ಟಾಗಿ ಕತ್ತರಿಸುತ್ತದೆ. ಸುತ್ತಿಗೆಯ ಒಂದು ಮುಖ ತುಸು ಉಬ್ಬಿದ ದುಂಡು, ಇನ್ನೊಂದು ಮುಖ ಕಿರಿದಾದ ಅಡ್ಡಪಟ್ಟಿ. ಈ ಎರಡನೆಯ ಮುಖವೇ ಎಲೆಯ ಓಲೆಯ ಜೀವಾಳ ಎಂಬುದು ಮುಂದೆ ತಿಳಿಯುತ್ತದೆ.

ಆರರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಎಲೆಯ ಜೊತೆ. ಇದಕ್ಕೆ ಕಿಟ್ ಬಳಸುವುದು ಮಡಿಕೆಯ ವಿಧಾನವನ್ನು. ತಗಡನ್ನು ಮಡಿಸಿ, ಬಡಿದು, ಕಾಯಿಸಿ, ಮತ್ತೆ ಬಿಚ್ಚಿ ಆಕಾರ ಪಡೆಯುವ ಈ ಪದ್ಧತಿಯನ್ನು ಚಾರ್ಲ್ಸ್ ಲೂಟನ್-ಬ್ರೈನ್ ಎಂಬ ಲೋಹಶಿಲ್ಪಿ 1980ರ ದಶಕದಲ್ಲಿ ವ್ಯವಸ್ಥಿತವಾಗಿ ಬೆಳೆಸಿದರು. 0.4 ಮಿಲಿಮೀಟರ್ ದಪ್ಪದ ಮೆದು ತಾಮ್ರದ ತಗಡನ್ನು ಉದ್ದುದ್ದಕ್ಕೆ ಎರಡಾಗಿ ಮಡಿಸಬೇಕು; ಮಡಿಕೆಯೇ ಮುಂದೆ ಎಲೆಯ ನಡುನರವಾಗುತ್ತದೆ. ಮಡಿಕೆಯ ಮೇಲೆ ಅರ್ಧ ಎಲೆಯ ಗೆರೆ ಎಳೆದು ತಗಡು ಕತ್ತರಿಯಿಂದ ಕತ್ತರಿಸಿ, ಬಳಿಕ ತೆರೆದ ಅಂಚಿನುದ್ದಕ್ಕೂ ಸುತ್ತಿಗೆಯ ಕಿರಿದಾದ ಮುಖದಿಂದ ಓರೆಯಾಗಿ ಬಡಿಯುತ್ತ ಹೋಗಬೇಕು. ಪ್ರತಿ ಏಟಿಗೂ ಅಂಚಿನ ಲೋಹ ಹಿಗ್ಗುತ್ತದೆ, ಮಡಿಕೆಯ ಬದಿ ಹಾಗೆಯೇ ಉಳಿಯುತ್ತದೆ. ನೋಡನೋಡುತ್ತಿದ್ದಂತೆ ನೇರವಾಗಿದ್ದ ತುಂಡು ಬಾಗತೊಡಗುತ್ತದೆ. ಏಟಿನ ಗುರುತುಗಳು ನಡುನರದಿಂದ ಅಂಚಿಗೆ ಹರಡಿದ ಉಪನರಗಳಂತೆ ಸಾಲಾಗಿ ಮೂಡುತ್ತವೆ.

ನಿಜವಾದ ಎಲೆಯಲ್ಲೂ ನಡೆಯುವುದು ಇಂಥದ್ದೇ. ಅಂಚಿನ ಭಾಗ ನಡುಭಾಗಕ್ಕಿಂತ ಹೆಚ್ಚು ಬೆಳೆದಾಗ ಹೆಚ್ಚಾದ ಉದ್ದಕ್ಕೆ ಸಮತಲದಲ್ಲಿ ಜಾಗ ಸಾಲದೆ ಎಲೆ ಅಲೆಯಲೆಯಾಗಿ ಸುರುಟಿಕೊಳ್ಳುತ್ತದೆ. ಸುತ್ತಿಗೆ ತಾಮ್ರದ ಅಂಚನ್ನು ಹಿಗ್ಗಿಸಿದಾಗ ಲೋಹಕ್ಕೂ ಬೇರೆ ದಾರಿಯಿಲ್ಲ. ಹೀಗಾಗಿ ಈ ಓಲೆಯ ಬಾಗು ಯಾರೋ ನೋಡಿ ಬರೆದದ್ದಲ್ಲ, ಎಲೆಗೆ ಬಾಗು ತಂದ ಕಾರಣವೇ ಇಲ್ಲೂ ಕೆಲಸ ಮಾಡಿದೆ. ಒಂದೇ ಅಚ್ಚಿನಿಂದ ಕತ್ತರಿಸಿದ ಎರಡು ತುಂಡುಗಳೂ ಬಡಿದ ಮೇಲೆ ಕೂದಲೆಳೆಯಷ್ಟಾದರೂ ಬೇರೆಯಾಗಿಯೇ ಹೊರಬರುತ್ತವೆ, ಒಂದೇ ಕೊಂಬೆಯ ಎರಡು ಎಲೆಗಳು ಬೇರೆಯಾಗಿರುವಂತೆ.

ಬಡಿದ ತುಂಡನ್ನು ಕೂಡಲೇ ಬಿಚ್ಚಲಾಗದು. ಸುತ್ತಿಗೆಯ ಏಟಿಗೆ ತಾಮ್ರ ಗಡುಸಾಗಿರುತ್ತದೆ. ಬಲವಂತವಾಗಿ ಬಿಚ್ಚಿದರೆ ಮಡಿಕೆಯ ಗುಂಟ ಬಿರುಕು ಬಿಡುತ್ತದೆ. ಮಂದವಾಗಿ ಕೆಂಪಗಾಗುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಲೋಹದ ಹರಳುಗಳು ಹೊಸದಾಗಿ ಜೋಡಣೆಗೊಂಡು ಅದು ಮತ್ತೆ ಮೆದುವಾಗುತ್ತದೆ. ಉಕ್ಕನ್ನು ಹೀಗೆ ತಟ್ಟನೆ ತಣಿಸಿದರೆ ಗಡುಸಾಗುತ್ತದೆ, ತಾಮ್ರಕ್ಕೆ ಆ ಭಯವಿಲ್ಲ. ಮೇಲೆ ಕೂತ ಕಪ್ಪು ಪದರವನ್ನು ಸಿಟ್ರಿಕ್ ಆಮ್ಲದ ಬಿಸಿ ದ್ರಾವಣ ತೆಗೆಯುತ್ತದೆ. ಕೈಪಿಡಿ ಇದನ್ನೆಲ್ಲ ಸ್ಪಷ್ಟವಾಗಿ ವಿವರಿಸುತ್ತದೆ. ಆದರೆ ‘ಬೇಕಾದದ್ದೆಲ್ಲ ಇದರಲ್ಲೇ ಇದೆ’ ಎಂದು ಮುಚ್ಚಳದ ಮೇಲೆ ಅಚ್ಚು ಹಾಕಿರುವ ಕಿಟ್‌ನಲ್ಲಿ ಕಾಯಿಸುವ ಪುಟ್ಟ ಗ್ಯಾಸ್ ಟಾರ್ಚ್ ಇಲ್ಲ, ತುಂಡನ್ನು ಇಡಲು ಶಾಖ ತಡೆಯುವ ಇಟ್ಟಿಗೆಯೂ ಇಲ್ಲ. ಉರಿಯುವ ಅನಿಲವನ್ನು ಸಾಗಿಸುವ ತೊಡಕು ಅರ್ಥವಾಗುವಂಥದ್ದೇ. ಇಟ್ಟಿಗೆಗೆ ಆ ತೊಡಕಿಲ್ಲ, ಮುಚ್ಚಳದ ಮೇಲೆ ಸತ್ಯ ಬರೆಯುವುದಕ್ಕೂ ಇಲ್ಲ. ಬೆಂಕಿಯ ಬಳಿ ಕೆಲಸ ಮಾಡುವಾಗ ಕೂದಲು ಕಟ್ಟಿಕೊಳ್ಳಬೇಕು, ಸಿಂಥೆಟಿಕ್ ಬಟ್ಟೆ ಬೇಡ, ಕಣ್ಣಿಗೆ ಕನ್ನಡಕ ಬೇಕು ಎಂಬ ಎಚ್ಚರಿಕೆಗಳನ್ನು ಕೈಪಿಡಿಯ ಕೊನೆಯ ಪುಟದ ಒಂದು ಸಾಲಿಗೆ ತಳ್ಳಿರುವುದನ್ನು ನಾನು ಗಂಭೀರ ಲೋಪವೆಂದೇ ಪರಿಗಣಿಸುತ್ತೇನೆ.

ಈ ಜೊತೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬಾಗಿದ ಎಲೆಗೆ ಎಡ ಬಲ ಎಂಬುದಿದೆ. ಎರಡನ್ನೂ ಒಂದೇ ದಿಕ್ಕಿಗೆ ಬಡಿದರೆ ಒಂದು ಕಿವಿಯಲ್ಲಿ ಎಲೆ ಮುಖದ ಕಡೆಗೂ ಇನ್ನೊಂದು ಕಿವಿಯಲ್ಲಿ ಹಿಂದಕ್ಕೂ ಬಾಗಿ, ಎದುರಿನಿಂದ ನೋಡಿದವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ. ಕೈಪಿಡಿಯಲ್ಲಿ ಅಚ್ಚನ್ನು ಒಮ್ಮೆ ಮಗುಚಿ ಗೆರೆ ಎಳೆಯಲು ಹೇಳಿದ್ದಾರೆ, ಮಗುಚಿದ ಬದಿಗೆ ಬೇರೆ ಬಣ್ಣವನ್ನೂ ಕೊಟ್ಟಿದ್ದಾರೆ. ಕೂತು ಕೆಲಸ ಮಾಡಿ ಅನುಭವವಿರುವವರಿಗಷ್ಟೇ ಹೊಳೆಯುವ ವಿವರ ಇದು.

ತುಂಬಿಯ ರೆಕ್ಕೆಯ ಜೊತೆ ಮುಕ್ಕಾಲು ಗೆದ್ದದ್ದು. ಸಪೂರ ತಂತಿಯಲ್ಲಿ ರೆಕ್ಕೆಯ ನರಗಳ ಚೌಕಟ್ಟು ಕಟ್ಟಿ, ನಡುವಿನ ಕಿಂಡಿಗಳಲ್ಲಿ ಪಾರದರ್ಶಕ ಯುವಿ ರೆಸಿನ್ (ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟುದ್ರವ) ತುಂಬಿ ದೀಪದಡಿ ಗಟ್ಟಿಗೊಳಿಸುವ ವಿಧಾನವಿದು. ಇದರ ಹಿಂದಿರುವ ಪ್ರೇರಣೆ ಫ್ರಾನ್ಸಿನ ರೆನೆ ಲಾಲಿಕ್ (1860–1945) ಅವರ ಆಭರಣಗಳು. ಲೋಹದ ತೆಳು ಗೋಡೆಗಳ ನಡುವೆ, ಹಿಂದೆ ತಗಡಿನ ಆಸರೆಯಿಲ್ಲದೆ ಪಾರದರ್ಶಕ ಎನಾಮಲ್ ನಿಲ್ಲಿಸಿ, ಬೆಳಕು ತೂರಿಬರುವಂತೆ ಅವರು ರೆಕ್ಕೆಗಳನ್ನು ರಚಿಸುತ್ತಿದ್ದರು. ಅವರ ಪ್ರಸಿದ್ಧ ಕೊಡತಿಹುಳು-ಸ್ತ್ರೀ (ಡ್ರಾಗನ್‌ಫ್ಲೈ ವುಮನ್) ಎದೆಯಾಭರಣ ಲಿಸ್ಬನ್‌ನ ಗುಲ್ಬೆಂಕಿಯನ್ ಸಂಗ್ರಹಾಲಯದಲ್ಲಿದೆ. ಎನಾಮಲ್ ಎಂದರೆ ಕುಲುಮೆಯಲ್ಲಿ ಕರಗಿ ಲೋಹಕ್ಕೆ ಬೆಸೆದುಕೊಳ್ಳುವ ಗಾಜಿನ ಪುಡಿ; ಮನೆಯಲ್ಲಿ ಅದಕ್ಕೆ ಬದಲು ರೆಸಿನ್ ಬಳಸುವುದು ಒಪ್ಪತಕ್ಕ ಹೊಂದಾಣಿಕೆಯೇ. ನಿಜವಾದ ರೆಕ್ಕೆಯೂ ನರಗಳ ನಡುವೆ ಬಿಗಿದ ತೆಳುಪೊರೆ ತಾನೇ. ಕಾಲು ಅಂಕ ಕಡಿಮೆಯಾದದ್ದು ರೆಸಿನ್‌ನಿಂದ. ಬಿಸಿಲಿಗೆ ಬಿದ್ದ ರೆಸಿನ್ ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ, ನೀಲಿಯ ತೆಳು ಛಾಯೆಯನ್ನು ಮೊದಲು ಕೆಡಿಸುತ್ತದೆ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಹುಟ್ಟಿಸಬಲ್ಲದು. ಕೈಗವಸುಗಳನ್ನು ಕಿಟ್‌ನಲ್ಲಿ ಇಟ್ಟಿರುವುದು ಮೆಚ್ಚತಕ್ಕದ್ದು.

ವಾಸ್ತುಶಿಲ್ಪದ ವಿಭಾಗಕ್ಕೆ ಬಂದರೆ ನಕ್ಷತ್ರದ ಜಾಲಂಧ್ರ ನೋಡಲು ಸರಳ, ಮಾಡಲು ಆರರಲ್ಲೇ ಕಠಿಣ. ಸ್ಪೇನಿನ ಗ್ರಾನಡಾದಲ್ಲಿ ನಾಸ್ರಿದ್ ಅರಸರು ಕಟ್ಟಿಸಿದ ಆಲ್ಹಂಬ್ರಾ ಅರಮನೆಯ ಗೋಡೆಗಳ ಹೆಂಚಿನ ಕೆಲಸ ಇದರ ಮೂಲ. ತಯಾರಕರು ಸಿದ್ಧ ಅಚ್ಚನ್ನು ಕೊಟ್ಟು ಕೈತೊಳೆದುಕೊಂಡಿಲ್ಲ. ಕೈವಾರ ಮತ್ತು ಅಳತೆಪಟ್ಟಿಯಿಂದ ವೃತ್ತದೊಳಗೆ ಒಂದು ಚೌಕ ಬರೆದು, ಅದೇ ಕೇಂದ್ರದ ಸುತ್ತ 45 ಡಿಗ್ರಿ ತಿರುಗಿಸಿ ಇನ್ನೊಂದು ಚೌಕ ಬರೆದರೆ ಎಂಟು ಮೂಲೆಯ ನಕ್ಷತ್ರ ತಾನಾಗಿ ಮೂಡುತ್ತದೆ ಎಂಬುದನ್ನು ಓದುಗರಿಂದಲೇ ಮಾಡಿಸುತ್ತಾರೆ. ಚೌಕವನ್ನು ಕೇಂದ್ರದ ಸುತ್ತ ತಿರುಗಿಸುವ ಈ ಉಪಾಯವೇ ಹೊಯ್ಸಳ ದೇಗುಲಗಳ ನಕ್ಷತ್ರಾಕಾರದ ತಳವಿನ್ಯಾಸಕ್ಕೂ ಆಧಾರ; ದೂರದೂರದ ಎರಡು ಪರಂಪರೆಗಳ ಶಿಲ್ಪಿಗಳು ಒಂದೇ ಜ್ಯಾಮಿತಿಯನ್ನು ಕೈವಶ ಮಾಡಿಕೊಂಡಿದ್ದರು ಎಂಬುದು ಕಾಗದದ ಮೇಲೆ ಎರಡನೆಯ ಚೌಕ ಬರೆಯುವಾಗ ಮನದಟ್ಟಾಗುತ್ತದೆ. ಒಮ್ಮೆ ಇದು ಕೈಗೆ ಬಂದರೆ ಮೂರು ಚೌಕಗಳಿಂದ ಹನ್ನೆರಡು ಮೂಲೆಯ, ನಾಲ್ಕರಿಂದ ಹದಿನಾರು ಮೂಲೆಯ ನಕ್ಷತ್ರವನ್ನು ಯಾರ ನೆರವೂ ಇಲ್ಲದೆ ಬರೆದುಕೊಳ್ಳಬಹುದು.

ಬರೆದದ್ದನ್ನು 0.5 ಮಿಲಿಮೀಟರ್ ದಪ್ಪದ ಹಿತ್ತಾಳೆಯಲ್ಲಿ ಕೊರೆದು ತೆಗೆಯುವುದು ಮುಂದಿನ ಹಂತ. ಮೊದಲು ಡ್ರಿಲ್‌ನಿಂದ ತೂತು ಮಾಡಿ, ಗರಗಸದ ಅಲಗನ್ನು ಒಂದು ತುದಿಯಲ್ಲಿ ಬಿಚ್ಚಿ ತೂತಿನೊಳಗೆ ತೂರಿಸಿ, ಮತ್ತೆ ಬಿಗಿದು ಒಳಗಿನಿಂದ ಕೊಯ್ಯಬೇಕು. ಅಲಗಿನ ಹಲ್ಲುಗಳು ಹಿಡಿಯ ಕಡೆಗೆ ಮುಖಮಾಡಿರಬೇಕು, ಕೊಯ್ತ ಕೆಳಗೆಳೆಯುವಾಗ ಮಾತ್ರ ಆಗಬೇಕು, ಮೂಲೆಯಲ್ಲಿ ಮುಂದಕ್ಕೆ ಒತ್ತದೆ ಅಲಗನ್ನು ಇದ್ದಲ್ಲೇ ಆಡಿಸುತ್ತ ತಗಡನ್ನು ತಿರುಗಿಸಬೇಕು. ಈ ವಿವರಣೆಯಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಅಲಗುಗಳಲ್ಲಿ. ಕೊಟ್ಟಿರುವುದು 2/0 ಸಂಖ್ಯೆಯ ಅಲಗು. ಈ ತೆಳು ತಗಡಿಗೆ ಅದರ ಹಲ್ಲು ಒರಟು. ತಗಡಿನ ದಪ್ಪದೊಳಗೆ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಹಲ್ಲು ಕಚ್ಚಿಕೊಳ್ಳದಿದ್ದರೆ ಅಲಗು ತಡವರಿಸಿ ಸಿಕ್ಕಿಕೊಳ್ಳುತ್ತದೆ, ಕೊನೆಗೆ ತುಂಡಾಗುತ್ತದೆ. ಅದಕ್ಕಿಂತ ಸಣ್ಣ ಹಲ್ಲಿನ 4/0 ಅಲಗನ್ನು ಬೇರೆಯಾಗಿ ತಂದು, ಅದಕ್ಕೆ ಜೇನುಮೇಣ ಸವರಿ ಕೊಯ್ದಾಗ ಅದೇ ತಗಡು, ಅದೇ ಗರಗಸ ಎಷ್ಟೋ ಸಲೀಸಾಗಿ ನಡೆಯಿತು. ಮೊದಲ ಬಾರಿ ಗರಗಸ ಹಿಡಿದವರು ಅಲಗು ಮುರಿದಾಗ ದೋಷ ತಮ್ಮ ಕೈಯದೇ ಎಂದುಕೊಂಡು ಕೆಲಸವನ್ನೇ ಬಿಟ್ಟುಬಿಡುವ ಸಂಭವವಿದೆ. ಆ ಕಾರಣಕ್ಕಾಗಿಯೇ ಈ ದೋಷವನ್ನು ತಯಾರಕರು ಮೊದಲು ಸರಿಪಡಿಸಬೇಕು.

ಸಿದ್ಧವಾದ ಓಲೆಯಲ್ಲಿ ನಕ್ಷತ್ರವಿರುವುದು ಹಿತ್ತಾಳೆಯಲ್ಲಲ್ಲ, ಹಿತ್ತಾಳೆ ಇಲ್ಲದ ಜಾಗದಲ್ಲಿ. ತೊಟ್ಟಾಗ ಆ ಖಾಲಿ ಜಾಗದಲ್ಲಿ ಕೊರಳಿನ ಬಣ್ಣವೋ ಕೂದಲಿನ ಕಪ್ಪೋ ತುಂಬಿಕೊಳ್ಳುತ್ತದೆ, ತಲೆ ತಿರುಗಿದಂತೆ ಅದು ಬದಲಾಗುತ್ತದೆ. ಬೆಳಕು ಮತ್ತು ಗಾಳಿಗೆ ದಾರಿ ಬಿಡುವುದೇ ಜಾಲಂಧ್ರದ ಕೆಲಸವಾದ್ದರಿಂದ, ಇಷ್ಟು ಚಿಕ್ಕದಾದ ಓಲೆಯಲ್ಲೂ ಆ ಗುಣ ಉಳಿದಿರುವುದನ್ನು ನಾನು ವಿನ್ಯಾಸಕಾರರ ತಿಳಿವಳಿಕೆಗೆ ಸಾಕ್ಷಿ ಎನ್ನುತ್ತೇನೆ.

ಗೋಪುರದ ಜೊತೆಗೆ ಮಾದರಿ ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡ. ವಿಲಿಯಂ ವ್ಯಾನ್ ಆಲೆನ್ ವಿನ್ಯಾಸಗೊಳಿಸಿ 1930ರಲ್ಲಿ ಪೂರ್ಣಗೊಂಡ 319 ಮೀಟರ್ ಎತ್ತರದ ಈ ಕಟ್ಟಡದ ಶಿಖರದಲ್ಲಿ ಒಂದರೊಳಗೊಂದು ಮೇಲೇರುವ ಏಳು ಕಮಾನುಗಳೂ ಅವುಗಳಲ್ಲಿ ತ್ರಿಕೋನದ ಕಿಟಕಿಗಳೂ ಇವೆ. ಹೊದಿಕೆ ಸ್ಟೇನ್‌ಲೆಸ್ ಸ್ಟೀಲಿನದು. ಏಳನ್ನೂ ಓಲೆಯಲ್ಲಿ ತುರುಕುವ ಆಸೆಗೆ ಬೀಳದೆ ನಾಲ್ಕಕ್ಕೆ ಇಳಿಸಿರುವುದು ಜಾಣತನ. ನಾಲ್ಕು ಕಮಾನುಗಳೂ ಬಿಡಿ ತಗಡುಗಳು. ಮೇಲ್ತುದಿಯಲ್ಲಿ ಒಂದೇ ಜಂಪ್ ರಿಂಗಿನಿಂದ (ತೆರೆದು ಮುಚ್ಚಬಹುದಾದ ತಂತಿಯ ಪುಟ್ಟ ಉಂಗುರದಿಂದ) ಜೋಡಣೆಗೊಂಡು ಒಂದರ ಮುಂದೊಂದು ನಿಲ್ಲುತ್ತವೆ. ನಡೆಯುವಾಗ ಅವು ಬೇರೆಬೇರೆಯಾಗಿ ಅಲುಗಿ ಬೆಳಕನ್ನು ಬೇರೆಬೇರೆ ಕೋನದಲ್ಲಿ ಹಿಡಿಯುತ್ತವೆ. ಜಂಪ್ ರಿಂಗನ್ನು ಅಗಲಕ್ಕೆ ಎಳೆಯದೆ, ಒಂದು ತುದಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಚಿ ತೆರೆಯಬೇಕು, ಹಾಗೆಯೇ ಮುಚ್ಚಬೇಕು. ಅಗಲಿಸಿದ ರಿಂಗ್ ಮತ್ತೆ ದುಂಡಾಗುವುದಿಲ್ಲ, ಬಿರುಕಿನಿಂದ ಒಂದಲ್ಲ ಒಂದು ದಿನ ಕಮಾನು ಜಾರಿಬೀಳುತ್ತದೆ.

ಕಲೆಯ ವಿಭಾಗದ ತೂಗಾಡುವ ಶಿಲ್ಪಕ್ಕೆ ಪ್ರೇರಣೆ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ (1898–1976). ಗಾಳಿಗೆ ತೂಗುವ ಅವರ ಶಿಲ್ಪಗಳಿಗೆ ‘ಮೊಬೈಲ್’ ಎಂಬ ಹೆಸರನ್ನು 1931ರಲ್ಲಿ ಸೂಚಿಸಿದವರು ಕಲಾವಿದ ಮಾರ್ಸೆಲ್ ದ್ಯೂಶಾಂ. ಕಾಲ್ಡರ್ ಸುಮಾರು 1,800 ಆಭರಣಗಳನ್ನೂ ತಮ್ಮ ಕೈಯಿಂದಲೇ ತಯಾರಿಸಿದ್ದರು. ಹಿತ್ತಾಳೆ ಮತ್ತು ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಸುರುಳಿ ಸುತ್ತಿ, ಬೆಸುಗೆಯ ಗೊಡವೆಗೆ ಹೆಚ್ಚು ಹೋಗದೆ ಕುಣಿಕೆಗಳಿಂದಲೂ ರಿವೆಟ್‌ಗಳಿಂದಲೂ ಜೋಡಿಸುವುದು ಅವರ ರೀತಿಯಾಗಿತ್ತು. ಬೆಸುಗೆ ಬಾರದವರಿಗೆಂದೇ ರೂಪಿಸಿದ ಕಿಟ್‌ಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

ಈ ಜೊತೆಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು. ಮೂರು ಸೆಂಟಿಮೀಟರ್ ಉದ್ದದ ತಂತಿಯ ಒಂದು ತುದಿಗೆ ದೊಡ್ಡ ಬಿಲ್ಲೆ, ಇನ್ನೊಂದು ತುದಿಗೆ ಅದರ ಅರ್ಧ ತೂಕದ ಬಿಲ್ಲೆ ಇದ್ದರೆ, ತಂತಿಯ ಸ್ವಂತ ತೂಕವನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ, ದೊಡ್ಡದರಿಂದ ಒಂದು ಸೆಂಟಿಮೀಟರ್, ಚಿಕ್ಕದರಿಂದ ಎರಡು ಸೆಂಟಿಮೀಟರ್ ದೂರದಲ್ಲಿ ಸಮತೋಲನದ ಬಿಂದು ಸಿಗುತ್ತದೆ. ಆ ಜಾಗದಲ್ಲಿ ಕುಣಿಕೆ ಮಾಡಿ, ಇಡೀ ಜೋಡಣೆಯನ್ನು ಒಂದೇ ತೂಕವೆಂದು ಎಣಿಸಿ ಮೇಲಿನ ತಂತಿಗೆ ತೂಗುಹಾಕಬೇಕು. ಆದರೆ ಲೆಕ್ಕ ದಾರಿ ತೋರಿಸುತ್ತದೆಯಷ್ಟೆ. ತಂತಿಯನ್ನು ಇಕ್ಕಳದ ಮೂತಿಯ ಮೇಲಿಟ್ಟು, ಅದು ಯಾವ ಕಡೆ ವಾಲುತ್ತದೆಂದು ನೋಡಿ, ಒಂದೆರಡು ಮಿಲಿಮೀಟರ್ ಸರಿಸಿ, ಮತ್ತೆ ನೋಡುವುದೇ ನಿಜವಾದ ಕೆಲಸ. ತೊಟ್ಟುಕೊಂಡು ತಲೆ ಅಲುಗಿಸಿದರೆ ಮೇಲಿನ ತೋಳು ಒಂದು ದಿಕ್ಕಿಗೆ, ಕೆಳಗಿನದು ಇನ್ನೊಂದು ದಿಕ್ಕಿಗೆ ತಿರುಗಿ, ತಲೆ ನಿಂತ ಮೇಲೂ ಕೆಲ ಕ್ಷಣ ತಮ್ಮ ಪಾಡಿಗೆ ತಾವು ತೂಗುತ್ತಿರುತ್ತವೆ. ಓಲೆ ಎಂಬ ಆಭರಣ ದೇಹದಲ್ಲಿ ಸದಾ ಚಲಿಸುವ ಜಾಗದಲ್ಲಿ ನೇತಾಡುವಂಥದ್ದು. ಚಲನೆಯನ್ನೇ ವಸ್ತುವಾಗಿ ತೆಗೆದುಕೊಂಡ ಕಲಾವಿದನನ್ನು ಇಲ್ಲಿಗೆ ತಂದ ಯೋಚನೆಯನ್ನು ಮನಸಾರೆ ಮೆಚ್ಚುತ್ತೇನೆ.

ಸೋತ ಜೊತೆ ಬಣ್ಣದ ಚೌಕಗಳದು. ಪೀಟ್ ಮೊಂಡ್ರಿಯಾನ್ (1872–1944) ಅವರ ಕಪ್ಪು ಗೆರೆ, ಕೆಂಪು, ನೀಲಿ, ಹಳದಿಯ ಚಿತ್ರಗಳ ಶೈಲಿಯಲ್ಲಿ ಮುದ್ರಿಸಿದ ಕಾಗದವನ್ನು ಲೋಹದ ತಟ್ಟೆಗೆ ಅಂಟಿಸಿ ಮೇಲೆ ರೆಸಿನ್ ಸುರಿಯುವುದಷ್ಟೇ ಇಲ್ಲಿನ ಕೆಲಸ. ಆ ಚಿತ್ರಗಳ ಶಕ್ತಿ ಇರುವುದು ಅಸಮವಾದ ಅಳತೆಗಳ ನಡುವೆ ಸಾಧಿಸಿದ ಸಮತೋಲನದಲ್ಲಿ: ದೊಡ್ಡದೊಂದು ಬಣ್ಣದ ಚೌಕಕ್ಕೆ ದೂರದ ಮೂಲೆಯ ಚಿಕ್ಕ ತುಣುಕು ಎದುರಾಗಿ ನಿಲ್ಲುತ್ತದೆ, ಗೆರೆಗಳ ದಪ್ಪವೂ ಒಂದೇ ಆಗಿರುವುದಿಲ್ಲ. ಕಿಟ್ ಎರಡು ಕಿವಿಗೂ ಒಂದೇ ಮುದ್ರಣ ಕೊಟ್ಟಿದೆ. ಒಂದು ಕಿವಿಯಲ್ಲಿ ದೊಡ್ಡ ಕೆಂಪು, ಇನ್ನೊಂದರಲ್ಲಿ ಅದಕ್ಕೆ ಎದುರಾಗುವ ಚಿಕ್ಕ ನೀಲಿ ಇದ್ದಿದ್ದರೆ ಮುಖದ ಎರಡು ಬದಿಗಳು ಸೇರಿ ಒಂದೇ ಚಿತ್ರವಾಗುತ್ತಿದ್ದವು. ಆ ಅವಕಾಶ ಕೈತಪ್ಪಿದೆ. ಕಾಗದದ ಅಂಚನ್ನು ಮೊದಲೇ ಅಂಟಿನಿಂದ ಮುಚ್ಚಬೇಕೆಂದು ಕೈಪಿಡಿ ಹೇಳುವುದಿಲ್ಲವಾದ್ದರಿಂದ ರೆಸಿನ್ ಒಳಗೆ ಇಂಗಿ ಕಲೆಯಾಗುತ್ತದೆ. ಈ ಜಾಗದಲ್ಲಿ ಆನ್ರಿ ಮತೀಸ್ ತಮ್ಮ ಕೊನೆಯ ವರ್ಷಗಳಲ್ಲಿ ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ರಚಿಸಿದ ಕೃತಿಗಳ ಜಾಡು ಹಿಡಿದು, ಪಾಲಿಮರ್ ಜೇಡಿಯ ಬಣ್ಣದ ಹಾಳೆಗಳನ್ನು ಕತ್ತರಿಸುವ ಜೊತೆಯನ್ನು ಇಡಬಹುದಿತ್ತು. ಅಲ್ಲಿಯೂ ಕತ್ತರಿಸುವುದು, ಇಲ್ಲಿಯೂ ಕತ್ತರಿಸುವುದು. ಮೇಲಾಗಿ ಆ ಜೇಡಿ ಹಗುರ, ದೊಡ್ಡ ಆಕಾರಗಳೂ ಕಿವಿಗೆ ಭಾರವಾಗುವುದಿಲ್ಲ, ಹೆಚ್ಚಿನ ಬ್ರಾಂಡ್‌ಗಳ ಜೇಡಿ 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್ನಿನಲ್ಲಿ ಗಟ್ಟಿಯಾಗುತ್ತದೆ.

ಇನ್ನು ಕೊಕ್ಕೆಗಳ ವಿಚಾರ. ಇದರಲ್ಲಿ ರಾಜಿ ಮಾಡಿಕೊಳ್ಳಲು ನಾನು ಸಿದ್ಧಳಿಲ್ಲ. ಕಿಟ್‌ನಲ್ಲಿರುವ ಕೊಕ್ಕೆಗಳು ‘ಸರ್ಜಿಕಲ್ ಸ್ಟೀಲ್’ನವು, ‘ನಿಕಲ್ ಇಲ್ಲ’ ಎಂದು ಪೊಟ್ಟಣದ ಮೇಲೆ ಬರೆದಿದೆ. ಆ ಹೆಸರಿನಲ್ಲಿ ಸಾಮಾನ್ಯವಾಗಿ ಮಾರಾಟವಾಗುವ 316ಎಲ್ ಉಕ್ಕಿನಲ್ಲಿ ಶೇಕಡಾ 10ರಿಂದ 14ರಷ್ಟು ನಿಕಲ್ ಇರುತ್ತದೆ. ಅದು ಲೋಹದೊಳಗೆ ಬಿಗಿಯಾಗಿ ಸೇರಿಕೊಂಡು ಚರ್ಮಕ್ಕೆ ಬಹಳ ಕಡಿಮೆ ಬಿಡುಗಡೆಯಾಗುತ್ತದೆ ಎಂಬುದು ನಿಜ, ಹೆಚ್ಚಿನವರಿಗೆ ಅದರಿಂದ ತೊಂದರೆಯೂ ಆಗುವುದಿಲ್ಲ. ಆದರೆ ಕಡಿಮೆ ಬಿಡುಗಡೆಯಾಗುತ್ತದೆ ಎನ್ನುವುದಕ್ಕೂ ಇಲ್ಲವೇ ಇಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ನಿಕಲ್ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಬದುಕಿನುದ್ದಕ್ಕೂ ಉಳಿಯುತ್ತದೆ. ಐರೋಪ್ಯ ಒಕ್ಕೂಟವು 1994ರಲ್ಲೇ ಇದಕ್ಕೆ ನಿಯಮ ತಂದಿತು. ಚುಚ್ಚಿದ ಕಿವಿಯ ತೂತಿನೊಳಗೆ ಹೋಗುವ ಭಾಗದಿಂದ ಪ್ರತಿ ಚದರ ಸೆಂಟಿಮೀಟರಿಗೆ ವಾರಕ್ಕೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುಗಡೆಯಾಗಬಾರದು ಎಂಬುದು ಅಲ್ಲಿ ಈಗಿರುವ ಮಿತಿ. ಅಲರ್ಜಿ ಇರುವವರು ಟೈಟಾನಿಯಂ ಅಥವಾ ನಿಯೋಬಿಯಂ ತಂತಿಯ ಕೊಕ್ಕೆ ಬಳಸುವುದು ಕ್ಷೇಮ.

ಕೊಕ್ಕೆಯನ್ನು ಸ್ವತಃ ತಯಾರಿಸಿಕೊಳ್ಳುವುದು ಈ ಇಡೀ ಕೆಲಸದಲ್ಲೇ ಸುಲಭದ್ದು, ಕೈಪಿಡಿ ಅದನ್ನು ಕಲಿಸದಿರುವುದು ಅಚ್ಚರಿಯ ಸಂಗತಿ. 0.8 ಮಿಲಿಮೀಟರ್ ದಪ್ಪದ ತಂತಿಯ ಎರಡು ಸಮ ತುಂಡುಗಳನ್ನು ಒಟ್ಟಿಗೆ ಹಿಡಿದು ಪೆನ್ನಿನ ಸುತ್ತ ಬಾಗಿಸಿದರೆ ಎರಡೂ ಒಂದೇ ಅಳತೆಗೆ ಬರುತ್ತವೆ. ಕಿವಿಯೊಳಗೆ ಹೋಗುವ ತುದಿಯನ್ನು ಅರದಿಂದ ದುಂಡಗೆ ಮಾಡಿ, ನುಣುಪಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬೆರಳ ತುದಿಯ ಮೇಲೆ ಎಳೆದು ನೋಡಬೇಕು; ಬೆರಳಿಗೆ ತರಚಿದಂತಾದರೆ ಕಿವಿಗೆ ಅದಕ್ಕಿಂತ ಹೆಚ್ಚು ತರಚುತ್ತದೆ. ಬಾಗಿದ ಭಾಗವನ್ನು ಸುತ್ತಿಗೆಯಿಂದ ಹಗುರಾಗಿ ತಟ್ಟಿದರೆ ತಂತಿ ಗಡುಸಾಗಿ ಆಕಾರ ಉಳಿಸಿಕೊಳ್ಳುತ್ತದೆ. ನಿಯೋಬಿಯಂ ಕೊಕ್ಕೆಗಳಲ್ಲಿ ನೀಲಿ, ನೇರಳೆ ಬಣ್ಣದವೂ ಸಿಗುತ್ತವೆ. ಅಲ್ಲಿ ಬಣ್ಣ ಬಳಿದಿರುವುದಿಲ್ಲ. ವಿದ್ಯುತ್ತಿನ ನೆರವಿನಿಂದ ಮೂಡಿಸಿದ ತೆಳು ಆಕ್ಸೈಡ್ ಪದರದ ದಪ್ಪಕ್ಕೆ ತಕ್ಕಂತೆ ಬೆಳಕಿನ ಅಲೆಗಳು ಒಂದನ್ನೊಂದು ಬಲಪಡಿಸಿಯೋ ಅಳಿಸಿಯೋ ಬಣ್ಣ ಹುಟ್ಟುತ್ತದೆ. ಮಾರ್ಫೋ ಚಿಟ್ಟೆಯ ರೆಕ್ಕೆಯ ಹೊಳೆವ ನೀಲಿಯ ಹಿಂದೆ ಇರುವುದೂ ಬಣ್ಣದ ಕಣಗಳಲ್ಲ, ಬೆಳಕನ್ನು ಹೀಗೆಯೇ ಆಡಿಸುವ ಸೂಕ್ಷ್ಮ ರಚನೆ. ತುಂಬಿಯ ರೆಕ್ಕೆಯ ಜೊತೆಗೆ ಇಂತಹ ಕೊಕ್ಕೆಯನ್ನು ಸೇರಿಸಿದ್ದರೆ ಎಷ್ಟು ಒಪ್ಪುತ್ತಿತ್ತು.

ತೂಕದ ವಿಷಯದಲ್ಲಿ ದೂರಿಲ್ಲ. ಎಲೆಯ ಓಲೆ ಒಂದಕ್ಕೆ ಸುಮಾರು ಎರಡೂವರೆ ಗ್ರಾಂ, ಗೋಪುರದ್ದು ನಾಲ್ಕು ಗ್ರಾಂಗಿಂತ ತುಸು ಹೆಚ್ಚು. ದಿನವಿಡೀ ತೊಟ್ಟರೂ ಹಾಲೆ ಜಗ್ಗುವುದಿಲ್ಲ. ಸ್ವಂತ ವಿನ್ಯಾಸ ಮಾಡುವವರು ಕತ್ತರಿಸುವ ಮೊದಲೇ ತೂಕ ಅಂದಾಜಿಸಬಹುದು. ಚದರ ಸೆಂಟಿಮೀಟರಿನಲ್ಲಿ ವಿಸ್ತೀರ್ಣವನ್ನು ಸೆಂಟಿಮೀಟರಿನಲ್ಲಿ ದಪ್ಪದಿಂದ ಗುಣಿಸಿ, ಬಂದದ್ದನ್ನು ತಾಮ್ರಕ್ಕಾದರೆ 8.96ರಿಂದ, ಅಲ್ಯೂಮಿನಿಯಂಗಾದರೆ 2.7ರಿಂದ ಗುಣಿಸಿದರೆ ಗ್ರಾಂಗಳಲ್ಲಿ ತೂಕ ಸಿಗುತ್ತದೆ. ದೊಡ್ಡ ಓಲೆ ಇಷ್ಟಪಡುವವರಿಗೆ ಅಲ್ಯೂಮಿನಿಯಂ ಏಕೆ ಒಳ್ಳೆಯದೆಂಬುದಕ್ಕೆ ಈ ಎರಡು ಅಂಕಿಗಳೇ ಸಾಕು.

ಕೊನೆಯಲ್ಲಿ ತಾಮ್ರಕ್ಕೆ ಛಾಯೆ ಕೊಡುವ ಸಾಮಗ್ರಿಯಾಗಿ ಲಿವರ್ ಆಫ್ ಸಲ್ಫರ್ ಎಂಬ ಗಂಧಕದ ಸಂಯುಕ್ತದ ಪುಟ್ಟ ಡಬ್ಬಿ ಇದೆ. ಬಿಸಿನೀರಿನಲ್ಲಿ ಕರಗಿಸಿ ತಾಮ್ರದ ಎಲೆಯನ್ನು ಅದ್ದಿದರೆ ಕಂದು, ನೇರಳೆ, ಬೂದು ಛಾಯೆಗಳು ಒಂದಾದ ಮೇಲೊಂದು ಹಾದು ಕೊನೆಗೆ ಕಪ್ಪಾಗುತ್ತದೆ. ಬೇಕಾದ ಛಾಯೆ ಬಂದ ಕೂಡಲೇ ತೆಗೆದು ತಣ್ಣೀರಿನಲ್ಲಿ ತೊಳೆಯಬೇಕು. ಬಳಿಕ ಉಬ್ಬಿದ ಭಾಗಗಳನ್ನಷ್ಟೇ ಉಜ್ಜಿದರೆ ನರಗಳ ಗೀರಿನಲ್ಲಿ ಕಪ್ಪು ಉಳಿದು, ಸುತ್ತ ತಾಮ್ರ ಮಿನುಗಿ, ಎಲೆಗೆ ಆಳ ಬರುತ್ತದೆ. ವಾಸನೆ ಕಟುವಾಗಿರುವುದರಿಂದ ಕಿಟಕಿ ತೆರೆದಿಡಬೇಕೆಂದು ಕೈಪಿಡಿ ಹೇಳಿರುವುದು ಸರಿಯಾಗಿದೆ. ಬೆವರಿಗೆ ತಾಮ್ರ ಹಸಿರು ಕಲೆ ಬಿಡುತ್ತದೆ. ಅದನ್ನು ತಡೆಯಲು ಕೊಟ್ಟಿರುವ ಮೇಣವನ್ನು ತೆಳುವಾಗಿ ಸವರಿ, ಮಾಸಿದಾಗ ಮತ್ತೆ ಸವರುತ್ತಿರಬೇಕು.

ಕೈಕೆಲಸದಲ್ಲಿ ತಾಳ್ಮೆ ಇರುವ, ಲೋಹದ ಕೆಲಸವನ್ನು ಮೊದಲ ಬಾರಿ ಕಲಿಯಬಯಸುವ ವಯಸ್ಕರಿಗೆ ಈ ಕಿಟ್ಟನ್ನು ನಾನು ಶಿಫಾರಸು ಮಾಡುತ್ತೇನೆ. ಬೆಂಕಿ ಮತ್ತು ಗಂಧಕದ ಕೆಲಸವಿರುವುದರಿಂದ ಮಕ್ಕಳಿಗೆ ಇದು ತಕ್ಕದ್ದಲ್ಲ. ಒಂದು ಸಂಜೆಯಲ್ಲಿ ಉಡುಗೊರೆ ಸಿದ್ಧಪಡಿಸಬೇಕೆನ್ನುವವರಿಗೂ ಇದು ಹೇಳಿದ್ದಲ್ಲ. ಕೊಂಡವರು ಕೈಪಿಡಿಯ ಕ್ರಮವನ್ನು ಬಿಟ್ಟು ತೂಗಾಡುವ ಶಿಲ್ಪದಿಂದ ಆರಂಭಿಸಲಿ. ಅದಕ್ಕೆ ಗರಗಸವೂ ಬೇಡ, ಬೆಂಕಿಯೂ ಬೇಡ, ಇಕ್ಕಳ ಹಿಡಿಯುವ ಹದ ಅಲ್ಲೇ ಕೈಗೆ ಬರುತ್ತದೆ. ಅಲ್ಲಿಂದ ಗೋಪುರಕ್ಕೆ, ಟಾರ್ಚ್ ಮತ್ತು ಇಟ್ಟಿಗೆ ಒದಗಿಸಿಕೊಂಡ ಮೇಲೆ ಎಲೆಗೆ, 4/0 ಅಲಗು ತಂದ ಮೇಲೆ ನಕ್ಷತ್ರಕ್ಕೆ ಹೋಗಬಹುದು. ತಗಡು ಮತ್ತು ತಂತಿ ಮುಗಿದ ಮೇಲೆ ಅವನ್ನಷ್ಟೇ ಬಿಡಿಯಾಗಿ ಕೊಳ್ಳುವ ವ್ಯವಸ್ಥೆಯನ್ನು ತಯಾರಕರು ಮಾಡಿದ್ದಾರೆ. ಆ ಪಟ್ಟಿಯಲ್ಲಿ ಅಲಗಿನ ಸಂಖ್ಯೆಯನ್ನೂ ಕೊಕ್ಕೆಯ ಲೋಹವನ್ನೂ ಕೊಳ್ಳುವವರೇ ಆರಿಸಿಕೊಳ್ಳುವಂತಾದರೆ ಮೇಲೆ ಹೇಳಿದ ದೂರುಗಳಲ್ಲಿ ದೊಡ್ಡವೆರಡು ಕಳೆದಂತೆಯೇ.